ದೂರು ಬರೆಯುವ ಪಾಠ

ಗ್ರಾಹಕ ರಕ್ಷಣೆಯ ಪಾಠದಲ್ಲಿ ‘ವಕೀಲರಿಲ್ಲದೆಯೂ ವಾದಿಸಬಹುದು’ ಎಂಬ ಮಾತು ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ. ಅದು ಹೇಗೆಂದು ತಿಳಿಸಲು ಅಭ್ಯಾಸ ಬೋಧನೆಯಲ್ಲಿ ನಾನು ಮಕ್ಕಳಿಂದಲೇ ದೂರು ಬರೆಸಿದೆ. ಸಂಗತಿ ಇಷ್ಟು: ತಿಂಗಳೊಳಗೆ ಕೆಟ್ಟ ಮಿಕ್ಸಿ, ಬದಲಿಸಿಕೊಡದ ಅಂಗಡಿ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಜಿಲ್ಲಾ ಆಯೋಗದಲ್ಲಿ ಗ್ರಾಹಕರು ತಾವೇ ದೂರು ಕೊಟ್ಟು ವಾದಿಸಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಅವಧಿ 2 ವರ್ಷ. ಇದನ್ನು ಕಪ್ಪುಹಲಗೆಯ ಮೇಲೆ ಬರೆದರೆ ಸಾಕು.

ಹೊತ್ತು ಹಿಡಿಯುವುದು ಬರವಣಿಗೆಯೇ. ಮೊದಲ ಕರಡುಗಳಲ್ಲಿ ‘ಅಂಗಡಿಯವನು ಮೋಸಗಾರ’ ಎಂದಿತ್ತು, ಕೊಂಡ ದಿನಾಂಕವೇ ಇರಲಿಲ್ಲ. ಪ್ರತಿ ವಾಕ್ಯದ ಎದುರು ಅದರ ಆಧಾರವನ್ನು ಬರೆಯಲು ಹೇಳಿದೆ: ಬಿಲ್ಲು, ವಾರಂಟಿ ಕಾರ್ಡು, ಅಂಗಡಿಗೆ ಕಳಿಸಿದ ಪತ್ರ. ಆಧಾರವಿಲ್ಲದ ವಾಕ್ಯಗಳನ್ನು ಮಕ್ಕಳೇ ಹೊಡೆದುಹಾಕಿದರು. ‘ಮೋಸಗಾರ’ ಮೊದಲು ಹೋಯಿತು.

“ಬಿಲ್ಲೇ ಕೊಡದಿದ್ರೆ ಮೇಡಂ?” ಎಂದಳು ಒಬ್ಬ ಹುಡುಗಿ. ಪಾಠಯೋಜನೆಯಲ್ಲಿ ಇಲ್ಲದ, ಆದರೆ ಇರಲೇಬೇಕಾದ ಪ್ರಶ್ನೆ. ಬಿಲ್ಲು ಕೊಡದಿರುವುದೂ ಈ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿಯೇ. ಯುಪಿಐ ಪಾವತಿಯ ವಿವರವನ್ನು ಆಧಾರವಾಗಿ ಕೊಡಬಹುದು.

ಎದುರು ಪಕ್ಷ ವಕೀಲರನ್ನು ಕರೆತಂದಾಗ ಒಬ್ಬರೇ ನಿಲ್ಲಲು ಅಳುಕುವವರೂ ಇರುತ್ತಾರೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಉಚಿತ ವಕೀಲರ ನೆರವು ಕೇಳಬಹುದು. ಜಿಲ್ಲಾ ಪ್ರಾಧಿಕಾರದ ವಿಳಾಸವನ್ನು ಮಕ್ಕಳು ದೂರಿನ ಪ್ರತಿಯ ಹಿಂಬದಿಯಲ್ಲಿ ಬರೆದುಕೊಂಡರು.