ಮೂರು ಊರಿನ ಆರ್ಗನಿಸ್ಟರು

1928ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್ ಕೆಥೆಡ್ರಲ್‌ನ ಆರ್ಗನಿಸ್ಟ್ ಸರ್ ಹರ್ಬರ್ಟ್ ಬ್ರೂವರ್ ತೀರಿಕೊಂಡರು. ಆ ವರ್ಷದ ಸಂಗೀತೋತ್ಸವ ನಡೆಸುವ ಸರದಿ ಅವರ ಊರಿನದೇ ಆಗಿತ್ತು. ಸೆಪ್ಟೆಂಬರಿಗೆ ಉಳಿದಿದ್ದು ಆರು ತಿಂಗಳು. ಅವರ ಜಾಗಕ್ಕೆ ಬಂದವರು ಹರ್ಬರ್ಟ್ ಸಂಶನ್, ವಯಸ್ಸು 29. ಅದೇ ಊರಲ್ಲಿ ಹುಟ್ಟಿ, ಅದೇ ಕೆಥೆಡ್ರಲ್‌ನಲ್ಲಿ ಬಾಲಗಾಯಕನಾಗಿ ಹಾಡಿ, ಬ್ರೂವರ್ ಕೈಕೆಳಗೇ ಆರ್ಗನ್ ಕಲಿತು, ಅಮೆರಿಕದ ಫಿಲಡೆಲ್ಫಿಯಾದಲ್ಲಿ ಎರಡು ವರ್ಷ ಪಾಠ ಹೇಳಿ ಬಂದಿದ್ದ ಯುವಕ. ನೂರಾರು ಜನರ ಗಾಯನವೃಂದ, ಲಂಡನ್ನಿನಿಂದ ಬಂದ ವಾದ್ಯವೃಂದ, ಮುಂದಿನ ಸಾಲಿನಲ್ಲಿ ಎಡ್ವರ್ಡ್ ಎಲ್ಗರ್‌ರಂಥ ಸಂಯೋಜಕರು: ಇಷ್ಟೆಲ್ಲ ಒಂದೇ ವಾರದಲ್ಲಿ ಅವನ ಕೈಗೆ ಬಂತು. ವಾರ ಮುಗಿಯುವಾಗ ಎಲ್ಗರ್ ಆ ಹುಡುಗನ ಹೆಸರಿಗೂ ಊಹೆ ಎಂಬರ್ಥದ ‘ಅಸಂಪ್ಶನ್’ ಪದಕ್ಕೂ ಶ್ಲೇಷೆ ಕಟ್ಟಿ, ವಾರದ ಮೊದಲಿಗೆ ಊಹೆಯಾಗಿದ್ದದ್ದು ಈಗ ಖಾತ್ರಿಯಾಯಿತು ಎಂಬರ್ಥದ ಮಾತಾಡಿದರಂತೆ. ಸಂಶನ್ ಆ ಕೆಥೆಡ್ರಲ್ ಬಿಟ್ಟದ್ದು 1967ರಲ್ಲಿ. 39 ವರ್ಷ, 11 ಉತ್ಸವ.

ಉತ್ಸವದ ಹೆಸರು ಥ್ರೀ ಕ್ವಾಯರ್ಸ್ ಫೆಸ್ಟಿವಲ್. ಗ್ಲಾಸ್ಟರ್, ಹೆರಿಫೋರ್ಡ್, ವೂಸ್ಟರ್ ಎಂಬ ಮೂರು ನೆರೆಯೂರುಗಳ ಕೆಥೆಡ್ರಲ್‌ಗಳು ಸರದಿಯ ಮೇಲೆ ನಡೆಸುವ ಚರ್ಚ್ ಸಂಗೀತದ ಹಬ್ಬ. 1715ರ ಆಸುಪಾಸಿನಲ್ಲಿ ಶುರುವಾಯಿತೆಂದು ಲೆಕ್ಕ. 2015ರಲ್ಲಿ ಮುನ್ನೂರು ವರ್ಷ ಆಚರಿಸಿದರು. ಮೊದಮೊದಲು ಮೂರೂ ಊರಿನ ಗಾಯಕರು ಒಟ್ಟಿಗೆ ಸೇರಿ ಎರಡು ದಿನ ಹಾಡುತ್ತಿದ್ದರು, ಅಷ್ಟೇ. 1724ರಿಂದ ಆ ಸಂದರ್ಭದಲ್ಲಿ ಎತ್ತಿದ ಹಣ ಬಡ ಪಾದ್ರಿಗಳ ವಿಧವೆಯರಿಗೆ, ಅನಾಥ ಮಕ್ಕಳಿಗೆ ಹೋಗತೊಡಗಿತು. ಎರಡು ಮಹಾಯುದ್ಧಗಳ ಕಾಲದಲ್ಲಿ ನಿಂತಿತ್ತು. ಈಗ ಜುಲೈ ಕೊನೆಯಲ್ಲಿ ಸುಮಾರು ಒಂದು ವಾರ ನಡೆಯುತ್ತದೆ.

ಈ ಉತ್ಸವದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಎಲ್ಗರ್ ಬಗ್ಗೆ ಬರೆಯುತ್ತಾರೆ. ನನ್ನ ಕಣ್ಣು ಹೋಗುವುದು ಕೈಯಲ್ಲಿ ಕೋಲು ಹಿಡಿದು ನಡುವೆ ನಿಂತವರ ಕಡೆಗೆ. ಇಲ್ಲಿ ಕಂಡಕ್ಟರ್ ಎಂದರೆ ವಿಮಾನದಲ್ಲಿ ಬಂದಿಳಿದು ಮೂರು ತಾಲೀಮು ಮಾಡಿಸಿ ಹೊರಟುಹೋಗುವ ತಾರೆಯಲ್ಲ. ಆತಿಥ್ಯ ವಹಿಸಿದ ಕೆಥೆಡ್ರಲ್‌ನ ಸಂಗೀತ ಮುಖ್ಯಸ್ಥನೇ ಉತ್ಸವದ ಕಲಾ ನಿರ್ದೇಶಕ, ಅವನೇ ಮುಖ್ಯ ಕಂಡಕ್ಟರ್. ಉಳಿದ ಎರಡು ಊರಿನವರು ಬಂದು ಅವನಿಗೆ ಹೆಗಲು ಕೊಡುತ್ತಾರೆ: ಒಬ್ಬ ಆರ್ಗನ್ ಮುಂದೆ ಕೂತರೆ ಇನ್ನೊಬ್ಬ ಒಂದೆರಡು ಕಛೇರಿ ನಡೆಸುತ್ತಾನೆ. ಮರುವರ್ಷ ಸ್ಥಾನ ಅದಲುಬದಲು. ಈ ವರ್ಷದ ಮುಖ್ಯ ವಿದ್ವಾಂಸ ಬರುವ ವರ್ಷ ಪಕ್ಕವಾದ್ಯಕ್ಕೆ ಕೂರುವ ಇಂಥ ಏರ್ಪಾಡು ಸಂಗೀತಲೋಕದಲ್ಲಿ ಅಪರೂಪ.

ವರ್ಷದ ಉಳಿದ ದಿನಗಳಲ್ಲಿ ಆತನ ಕೆಲಸ ಬೇರೆ. ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ ಮಕ್ಕಳನ್ನು ಕೂರಿಸಿಕೊಂಡು ಶ್ರುತಿ ತಿದ್ದಬೇಕು. ಸಂಜೆ ಪ್ರಾರ್ಥನೆಯಲ್ಲಿ, ಅವರು ಈವನ್‌ಸಾಂಗ್ ಎನ್ನುವ ಹೊತ್ತಿನ ಸೇವೆಯಲ್ಲಿ, ಆ ಮಕ್ಕಳನ್ನೂ ದೊಡ್ಡವರನ್ನೂ ಹಾಡಿಸಬೇಕು. ಕೇಳಲು ಇಪ್ಪತ್ತು ಜನ ಇದ್ದರೂ ಸರಿ, ಮಳೆಗೆ ಯಾರೂ ಬಾರದಿದ್ದರೂ ಸರಿ. ಈ ದಿನನಿತ್ಯದ ದುಡಿಮೆಯೇ ಹಬ್ಬದ ಬೇರು ಎಂದು ನಾನು ನಂಬಿದ್ದೇನೆ.

ಹಳೆಯ ತಲೆಮಾರಿನವರು ಈ ಕಸುಬು ಕಲಿತದ್ದು ಹೆಚ್ಚುಕಡಿಮೆ ನಮ್ಮ ಗುರುಕುಲದ ಹಾಗೆ. ಹದಿಹರೆಯದ ಹುಡುಗ ಕೆಥೆಡ್ರಲ್ ಆರ್ಗನಿಸ್ಟನ ಬಳಿ ಕರಾರಿನ ಮೇಲೆ ಶಿಷ್ಯನಾಗಿ ಸೇರುತ್ತಿದ್ದ. ಪುಟ ತಿರುವುವುದು, ಸ್ವರಲಿಪಿ ನಕಲು ಮಾಡುವುದು, ಗುರು ಊರಲ್ಲಿಲ್ಲದಾಗ ಸೇವೆ ನಡೆಸುವುದು ಎಲ್ಲವೂ ಪಾಠವೇ. ಬ್ರೂವರ್ ಬಳಿ ಹೀಗೆ ಕಲಿತವರಲ್ಲಿ ಹರ್ಬರ್ಟ್ ಹೊವೆಲ್ಸ್ ಒಬ್ಬ, ಐವರ್ ಗರ್ನಿ ಇನ್ನೊಬ್ಬ. 1910ರ ಸೆಪ್ಟೆಂಬರ್ 6ರ ರಾತ್ರಿ ಗ್ಲಾಸ್ಟರ್‌ನಲ್ಲಿ ವಾನ್ ವಿಲಿಯಮ್ಸ್ ತಮ್ಮ ಹೊಸ ಕೃತಿ ‘ಟ್ಯಾಲಿಸ್ ಫ್ಯಾಂಟಸಿಯಾ’ವನ್ನು ತಾವೇ ನಡೆಸಿದರು. ಅದು ಮುಗಿದ ಮೇಲೆ ಆ ಅಪರಿಚಿತ ಸಂಯೋಜಕರು ಸಭೆಗೆ ಬಂದು ಖಾಲಿಯಿದ್ದ ಜಾಗದಲ್ಲಿ ಕೂತದ್ದು 17 ವರ್ಷದ ಹೊವೆಲ್ಸ್ ಪಕ್ಕದಲ್ಲೇ. ಎಲ್ಗರ್‌ರ ‘ಡ್ರೀಮ್ ಆಫ್ ಜೆರೊಂಟಿಯಸ್’ ನಡೆಯುತ್ತಿದ್ದಾಗ ಹುಡುಗನ ಜೊತೆ ತಮ್ಮ ಸ್ವರಲಿಪಿ ಪುಸ್ತಕ ಹಂಚಿಕೊಂಡರು. ಕೇಳಿದ್ದರ ಕಾವು ಆರದೆ ಹೊವೆಲ್ಸ್, ಗರ್ನಿ ಇಬ್ಬರೂ ಆ ರಾತ್ರಿ ನಿದ್ದೆಗೆಟ್ಟು ಗ್ಲಾಸ್ಟರ್ ಬೀದಿಗಳಲ್ಲಿ ಅಲೆದರು.

ಇಬ್ಬರ ಬದುಕೂ ಆಮೇಲೆ ಸುಲಭವಾಗಲಿಲ್ಲ. ಗರ್ನಿ ಮೊದಲ ಮಹಾಯುದ್ಧಕ್ಕೆ ಹೋಗಿ ಗಾಯಗೊಂಡು ಬಂದ, ಕವಿತೆ ಬರೆದ, ಹಾಡು ಕಟ್ಟಿದ; 1922ರಲ್ಲಿ ಮಾನಸಿಕ ಆಸ್ಪತ್ರೆ ಸೇರಿ 1937ರಲ್ಲಿ ಅಲ್ಲೇ ತೀರಿಕೊಂಡ. ಹೊವೆಲ್ಸ್‌ರ ಒಂಬತ್ತು ವರ್ಷದ ಮಗ 1935ರ ಸೆಪ್ಟೆಂಬರ್‌ನಲ್ಲಿ ಪೋಲಿಯೊಗೆ ಬಲಿಯಾದ. ಆ ಸಂಕಟದಿಂದ ಹುಟ್ಟಿದ ‘ಹಿಮ್ನಸ್ ಪ್ಯಾರಡೈಸಿ’ಯನ್ನು ತಂದೆ ಯಾರಿಗೂ ಕೊಡದೆ ವರ್ಷಗಟ್ಟಲೆ ಇಟ್ಟುಕೊಂಡಿದ್ದರು. ಕೊನೆಗೆ ಆಪ್ತರ ಒತ್ತಾಯಕ್ಕೆ ಮಣಿದು 1950ರ ಗ್ಲಾಸ್ಟರ್ ಉತ್ಸವಕ್ಕೆ ಕೊಟ್ಟರು. ಆ ಉತ್ಸವದ ಹೊಣೆ ಹೊತ್ತಿದ್ದವರು ಅದೇ ಬ್ರೂವರ್‌ರ ಇನ್ನೊಬ್ಬ ಶಿಷ್ಯ ಸಂಶನ್. ಮಗ ತೀರಿಕೊಂಡು ಹದಿನೈದು ವರ್ಷ ತುಂಬಿದ ಮರುದಿನ ಹೊವೆಲ್ಸ್ ಅದೇ ಕೆಥೆಡ್ರಲ್‌ನಲ್ಲಿ ನಿಂತು ಅದನ್ನು ತಾವೇ ನಡೆಸಿದರು. ಒಂದೇ ಗುರುವಿನ ಮನೆಯಲ್ಲಿ ಕಲಿತವರ ನಡುವಿನ ಆ ಸಲುಗೆ ಇಲ್ಲದಿದ್ದರೆ ಆ ಕೃತಿ ಪೆಟ್ಟಿಗೆಯಲ್ಲೇ ಉಳಿಯುತ್ತಿತ್ತೋ ಏನೋ.

ಹೆರಿಫೋರ್ಡಿನ ಕಥೆಯಲ್ಲಿ ಒಂದು ನಾಯಿಯೂ ಇದೆ. ಅಲ್ಲಿ 1889ರಿಂದ ಆರ್ಗನಿಸ್ಟ್ ಆಗಿದ್ದ ಜಾರ್ಜ್ ರಾಬರ್ಟ್‌ಸನ್ ಸಿಂಕ್ಲೇರ್ ಸಾಕಿದ್ದ ಬುಲ್‌ಡಾಗ್ ಡ್ಯಾನ್ ಒಮ್ಮೆ ವೈ ನದಿಯ ದಡದಿಂದ ನೀರಿಗೆ ಉರುಳಿ, ಈಜಿ, ಮೇಲೆ ಬಂದು ಬೊಗಳಿತು. ಇದಕ್ಕೆ ಸಂಗೀತ ಕಟ್ಟು ಎಂದು ಸಿಂಕ್ಲೇರ್ ಎಲ್ಗರ್‌ಗೆ ಹೇಳಿದರು. ‘ಎನಿಗ್ಮಾ ವೇರಿಯೇಶನ್ಸ್’ನ ಹನ್ನೊಂದನೆಯ ಭಾಗ ಹುಟ್ಟಿದ್ದು ಹಾಗೆ. ಸಿಂಕ್ಲೇರ್‌ಗೆ ಸಹಾಯಕನಾಗಿದ್ದ ಪರ್ಸಿ ಹಲ್ ಮೊದಲ ಯುದ್ಧ ಶುರುವಾದಾಗ ಜರ್ಮನಿಯಲ್ಲಿ ಸಿಕ್ಕಿಬಿದ್ದು, ಬರ್ಲಿನ್ ಬಳಿಯ ಕುದುರೆ ರೇಸಿನ ಮೈದಾನದಲ್ಲಿ ಮಾಡಿದ್ದ ರೂಲೆಬೆನ್ ಶಿಬಿರದಲ್ಲಿ ವರ್ಷಗಟ್ಟಲೆ ಸೆರೆಯಲ್ಲಿದ್ದರು. ಅವರು ಸೆರೆಯಲ್ಲಿದ್ದಾಗಲೇ, 1917ರಲ್ಲಿ, ಸಿಂಕ್ಲೇರ್ ತೀರಿಕೊಂಡರು. 1918ರಲ್ಲಿ ಗುರುವಿನ ಸ್ಥಾನಕ್ಕೆ ನೇಮಕಗೊಂಡ ಹಲ್ 1949ರವರೆಗೂ ಅಲ್ಲಿದ್ದರು. ಎರಡನೆಯ ಯುದ್ಧ ಮುಗಿದ ಮೇಲೆ 1946ರಲ್ಲಿ ಉತ್ಸವ ಮತ್ತೆ ಶುರುವಾದದ್ದು ಹೆರಿಫೋರ್ಡಿನಲ್ಲಿ, ಆಗ ಅರವತ್ತು ದಾಟಿದ್ದ ಅವರ ಕೈಯಲ್ಲೇ.

ಮೊದಲ ಯುದ್ಧದ ನಂತರದ ಮೌನ ಮುರಿದವರು ವೂಸ್ಟರ್‌ನ ಐವರ್ ಆಟ್ಕಿನ್ಸ್, 1920ರಲ್ಲಿ. 1897ರಿಂದ 1950ರವರೆಗೆ, 53 ವರ್ಷ ಒಂದೇ ಕೆಥೆಡ್ರಲ್! ಎಲ್ಗರ್‌ಗೆ ಆಪ್ತ ಗೆಳೆಯ. ಬಾಕ್‌ನ ‘ಸೇಂಟ್ ಮ್ಯಾಥ್ಯೂ ಪ್ಯಾಶನ್’ ಅನ್ನು ಇಬ್ಬರೂ ಸೇರಿ ಹೊಸದಾಗಿ ಸಂಪಾದಿಸಿ 1911ರ ಉತ್ಸವದಲ್ಲಿ ಹಾಡಿಸಿದರು. ಎಲ್ಗರ್ ಹಿತ್ತಾಳೆ ವಾದ್ಯಗಳಿಗೆ ಹೊಂದಿಸಿಕೊಟ್ಟ ಬಾಕ್‌ನ ಸ್ತೋತ್ರಗಳನ್ನು ಆಗ ಕೆಥೆಡ್ರಲ್ ಗೋಪುರದ ಮೇಲಿಂದ ನುಡಿಸಿದರು. ‘ಪಾಂಪ್ ಅಂಡ್ ಸರ್ಕಮ್‌ಸ್ಟೆನ್ಸ್’ ಮಾರ್ಚ್‌ಗಳಲ್ಲಿ ಮೂರನೆಯದನ್ನು ಎಲ್ಗರ್ ಆಟ್ಕಿನ್ಸ್‌ಗೆ, ನಾಲ್ಕನೆಯದನ್ನು ಸಿಂಕ್ಲೇರ್‌ಗೆ, ಐದನೆಯದನ್ನು ಹಲ್‌ಗೆ ಅರ್ಪಿಸಿದ್ದಾರೆ.

ಎಲ್ಗರ್ ಅವರೇ ವೂಸ್ಟರ್‌ನ ಸಂಗೀತ ವಾದ್ಯಗಳ ಅಂಗಡಿಯವನ ಮಗ. ಕ್ಯಾಥೊಲಿಕರಾಗಿ ಬೆಳೆದವರು, ಹಾಗಾಗಿ ಆಂಗ್ಲಿಕನ್ ಕೆಥೆಡ್ರಲ್‌ನ ಆರ್ಗನ್ ಹುದ್ದೆ ಅವರಿಗೆ ಮುಚ್ಚಿದ ಬಾಗಿಲು. ಉತ್ಸವದ ವಾದ್ಯವೃಂದದಲ್ಲಿ ವಯೊಲಿನ್ ನುಡಿಸುತ್ತಿದ್ದರು. 1884ರಲ್ಲಿ ಡ್ವೊರ್ಝಾಕ್ ಬಂದು ತಮ್ಮ ‘ಸ್ಟಾಬಾಟ್ ಮಾಟರ್’ ನಡೆಸಿದಾಗ ಪಿಟೀಲಿನ ಸಾಲಿನಲ್ಲಿ ಕೂತು ನುಡಿಸಿದ ಈತ, ಆರು ವರ್ಷದ ಮೇಲೆ ಅದೇ ಉತ್ಸವದಲ್ಲಿ ತನ್ನ ‘ಫ್ರೊಸಾರ್’ ಕೃತಿಯನ್ನು ತಾನೇ ನಡೆಸಿದ.

ಈ ಕೆಥೆಡ್ರಲ್‌ಗಳಲ್ಲಿ ಹಾಡಿಸುವುದೇ ಒಂದು ಬೇರೆ ವಿದ್ಯೆ. ಗ್ಲಾಸ್ಟರ್‌ನ ಸಭಾಂಗಣದ ಎರಡೂ ಬದಿಗೆ ತಬ್ಬಿಕೊಳ್ಳಲಾಗದಷ್ಟು ದಪ್ಪದ ದುಂಡು ಕಲ್ಲುಕಂಬಗಳು. ನಾಲ್ಕು ಜನ ಒಟ್ಟಿಗೆ ಹಾಡಿ ನಿಲ್ಲಿಸಿದರೂ ನಾದ ಗಾಳಿಯಲ್ಲಿ ಉಳಿಯುತ್ತದೆ. ನೂರಾರು ಜನ ಹಾಡಿದರೆ ಹಿಂದಿನ ಸ್ವರ ಮುಂದಿನ ಸ್ವರದ ಮೇಲೆ ಹರಿಯುತ್ತದೆ. ವೇಗ ಒಂದು ಕೂದಲೆಳೆ ಜಾಸ್ತಿಯಾದರೆ ಎಲ್ಲ ಕಲಸಿಹೋಗುತ್ತದೆ. ಪದದ ಕೊನೆಯ ‘ಸ್’ ಎಂಬ ಸದ್ದನ್ನು ಎಲ್ಲರೂ ಒಂದೇ ಕ್ಷಣಕ್ಕೆ ಮುಗಿಸದಿದ್ದರೆ ಕಲ್ಲಿನ ತುಂಬ ಹಾವು ಬುಸುಗುಟ್ಟಿದಂತೆ ಕೇಳುತ್ತದೆ. ಆರ್ಗನ್ ಇರುವುದು ವಾದ್ಯವೃಂದದಿಂದ ದೂರದಲ್ಲಿ, ಎತ್ತರದಲ್ಲಿ. ನುಡಿಸುವವನಿಗೆ ಕಂಡಕ್ಟರ್ ನೇರವಾಗಿ ಕಾಣುವುದಿಲ್ಲ. ಮೊದಲು ಕನ್ನಡಿ, ಈಗ ಕ್ಯಾಮೆರಾ. ತನ್ನ ಸ್ವರ ಕೆಳಗಿನವರಿಗೆ ತಡವಾಗಿ ತಲುಪುತ್ತದೆಂದು ಗೊತ್ತಿದ್ದು, ಕಿವಿಗೆ ಕೇಳಿದ್ದನ್ನು ನಂಬದೆ ಕಣ್ಣಿಗೆ ಕಂಡ ತಾಳಕ್ಕೆ ನುಡಿಸಬೇಕು. ಹೊರಗಿನಿಂದ ಬಂದ ಘಟಾನುಘಟಿಗಳಿಗೆ ಇದು ಒಗ್ಗಲು ಹೊತ್ತು ಬೇಕು. ಅದೇ ಕಟ್ಟಡದಲ್ಲಿ ಎಂಟನೆಯ ವಯಸ್ಸಿನಿಂದ ಹಾಡಿದವನಿಗೆ ಆ ಕಲ್ಲಿನ ಗುಣ ಮೈಗತವಾಗಿರುತ್ತದೆ. ಹಾಡು ಮುಗಿದ ಮೇಲಿನ ನಿಶ್ಶಬ್ದವೂ ಈ ಹಬ್ಬದ ಭಾಗವೇ ಆಗಿತ್ತು: 1960ರ ದಶಕದ ಕೊನೆಯವರೆಗೂ ಇಲ್ಲಿ ಚಪ್ಪಾಳೆ ತಟ್ಟುವಂತಿರಲಿಲ್ಲ.

1950ರ ಮೇಲೆ ಈ ವೃತ್ತಿಯ ದಾರಿ ಬದಲಾಯಿತು. ಅರ್ಧ ಶತಮಾನ ಒಂದೇ ಊರಲ್ಲಿರುವವರು ಅಪರೂಪವಾದರು. ಮೂರು ಊರುಗಳು ದೊಡ್ಡ ಹುದ್ದೆಗೆ ಏರುವ ಮೆಟ್ಟಿಲಾದವು. ಆಟ್ಕಿನ್ಸ್ ನಂತರ ವೂಸ್ಟರ್‌ಗೆ ಬಂದ ಡೇವಿಡ್ ವಿಲ್‌ಕಾಕ್ಸ್, ನಾರ್ಮಂಡಿ ಕದನದಲ್ಲಿ ಮಿಲಿಟರಿ ಕ್ರಾಸ್ ಪಡೆದ ಸೈನಿಕ. ಏಳು ವರ್ಷದ ಮೇಲೆ ಕೇಂಬ್ರಿಡ್ಜ್‌ನ ಕಿಂಗ್ಸ್ ಕಾಲೇಜಿಗೆ ಹೋಗಿ ಅಲ್ಲಿನ ಕ್ರಿಸ್ಮಸ್ ಗಾಯನವನ್ನು ಜಗತ್ತಿಗೆಲ್ಲ ಕೇಳಿಸಿದರು. ಹೆರಿಫೋರ್ಡಿನ ಮೆರೆಡಿತ್ ಡೇವಿಸ್ ಮುಂದೆ ಪೂರ್ಣಾವಧಿ ಕಂಡಕ್ಟರ್ ಆಗಿ, 1962ರಲ್ಲಿ ಕಾವೆಂಟ್ರಿಯಲ್ಲಿ ಸಂಯೋಜಕ ಬೆಂಜಮಿನ್ ಬ್ರಿಟನ್‌ರ ‘ವಾರ್ ರಿಕ್ವಿಯಂ’ನ ಮೊದಲ ಪ್ರದರ್ಶನದಲ್ಲಿ ಮುಖ್ಯ ವಾದ್ಯವೃಂದವನ್ನು ನಡೆಸಿದರು. 2002ರಿಂದ 2007ರವರೆಗೆ ಗ್ಲಾಸ್ಟರ್‌ನಲ್ಲಿದ್ದ ಆಂಡ್ರ್ಯೂ ನೇತಸಿಂಘ ಈಗ ವೆಸ್ಟ್‌ಮಿನ್‌ಸ್ಟರ್ ಆಬಿಯಲ್ಲಿದ್ದಾರೆ. 2023ರ ಮೇ 6ರಂದು ಮೂರನೆಯ ಚಾರ್ಲ್ಸ್ ಪಟ್ಟಾಭಿಷೇಕದ ಸಂಗೀತ ನಡೆಸಿದವರು ಅವರೇ. ಅವರ ತಂದೆ ಹುಟ್ಟಿದ್ದು ಶ್ರೀಲಂಕೆಯಲ್ಲಿ. ಆ ತಂದೆಯೂ ಎಕ್ಸಿಟರ್ ಕೆಥೆಡ್ರಲ್‌ನ ಆರ್ಗನಿಸ್ಟ್ ಆಗಿದ್ದವರು.

ಇಷ್ಟು ಹೆಸರು ಬರೆದ ಮೇಲೆ, ಇದರಲ್ಲಿ ಒಂದೂ ಹೆಣ್ಣಿನ ಹೆಸರಿಲ್ಲ ಎಂಬುದು ನನ್ನನ್ನು ಚುಚ್ಚುತ್ತದೆ. ಶತಮಾನಗಳ ಕಾಲ ಕೆಥೆಡ್ರಲ್ ಕ್ವಾಯರ್‌ನಲ್ಲಿ ಬಾಲಕರಿಗಷ್ಟೇ ಜಾಗವಿತ್ತು. ಮೊದಲ ಮೆಟ್ಟಿಲೇ ಇಲ್ಲದವರು ಏಣಿ ಹತ್ತುವುದು ಹೇಗೆ? ಈಗ ಹುಡುಗಿಯರೂ ಅಲ್ಲಿ ಹಾಡುತ್ತಿದ್ದಾರೆ. ಅವರಲ್ಲೇ ಯಾರೋ ನಾಳೆ ಉತ್ಸವದ ನಡುವೆ ಕೋಲು ಹಿಡಿದು ನಿಲ್ಲಬೇಕು.

ಈ ಹಬ್ಬಕ್ಕೂ ನಮಗೂ ನಡುವೆ ಒಂದು ತೆಳುವಾದ ಆದರೆ ನಿಜವಾದ ಎಳೆಯಿದೆ. 2012ರಿಂದ ಉತ್ಸವದ ಖಾಯಂ ವಾದ್ಯವೃಂದ ಲಂಡನ್ನಿನ ಫಿಲ್‌ಹಾರ್ಮೋನಿಯಾ. 1945ರಲ್ಲಿ ವಾಲ್ಟರ್ ಲೆಗ್ ಅದನ್ನು ಕಟ್ಟಿದ ಮೊದಲ ವರ್ಷಗಳಲ್ಲಿ ಹಣವಿಲ್ಲದೆ ತತ್ತರಿಸುತ್ತಿದ್ದಾಗ ಕೈಹಿಡಿದವರು ಮೈಸೂರಿನ ಜಯಚಾಮರಾಜ ಒಡೆಯರ್. ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ ನೆರವು ಕೊಟ್ಟರು. ಮೇಡ್‌ನರ್‌ನಂಥ ಮರೆತುಹೋಗಲಿದ್ದ ಸಂಯೋಜಕನ ಕೃತಿಗಳನ್ನು ಧ್ವನಿಮುದ್ರಣ ಮಾಡಿಸಿದರು. ವಾಗ್ಗೇಯಕಾರರೂ ಆಗಿದ್ದ ಅರಸರ ಹಣದಿಂದ ಉಳಿದ ವಾದ್ಯವೃಂದ ಇಂದು ವೂಸ್ಟರ್‌ನ ಕಂಬಗಳ ನಡುವೆ ಎಲ್ಗರ್‌ನನ್ನು ನುಡಿಸುತ್ತದೆ. ಮೈಸೂರಿನಲ್ಲಿ ಇದನ್ನು ಇನ್ನಷ್ಟು ಜನ ನೆನೆಯಬೇಕಿತ್ತು.

ಬರ್ಮಿಂಗ್‌ಹ್ಯಾಮ್, ಬ್ರಿಸ್ಟಲ್ ಕಡೆ ಇರುವ ಕನ್ನಡಿಗರಲ್ಲಿ ನನ್ನದೊಂದು ಕೋರಿಕೆ. ಉತ್ಸವದ ಟಿಕೆಟ್ ದುಬಾರಿ ಅನಿಸಿದರೆ ಬಿಡಿ. ಶಾಲೆ ನಡೆಯುವ ಯಾವುದಾದರೂ ವಾರದ ದಿನ, ಸಂಜೆ ಈವನ್‌ಸಾಂಗ್ ಹೊತ್ತಿಗೆ, ಈ ಮೂರರಲ್ಲಿ ಒಂದು ಕೆಥೆಡ್ರಲ್‌ಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತುಕೊಳ್ಳಿ. ಯಾವ ಧರ್ಮದವರು ಎಂದು ಯಾರೂ ಕೇಳುವುದಿಲ್ಲ. ಉತ್ಸವದಲ್ಲಿ ನೂರಾರು ಜನರನ್ನು ಹಾಡಿಸುವ ಅದೇ ವ್ಯಕ್ತಿ ಅಂದು ಹತ್ತಿಪ್ಪತ್ತು ಮಕ್ಕಳನ್ನು ಹಾಡಿಸುತ್ತಿರುವುದನ್ನು ನೋಡಬಹುದು. ಅದಕ್ಕೆ ಟಿಕೆಟ್ ಇಲ್ಲ.