ಗೋಧಿಯ ಅಂಟು ಮತ್ತು ಸೀಲಿಯಾಕ್ ವ್ಯಾಧಿಯ ಪಥ್ಯ

ಗೋಧಿಯ ಹಿಟ್ಟನ್ನು ಕಲಸಿ, ಆ ಕಣಕವನ್ನು ನೀರಿನಲ್ಲಿ ಹಿಸುಕಿ ತೊಳೆಯುತ್ತ ಹೋದರೆ ಪಿಷ್ಟವೆಲ್ಲ ಹರಿದುಹೋಗಿ ಕೈಯಲ್ಲಿ ರಬ್ಬರಿನಂತಹ ಅಂಟು ಉಳಿಯುವುದು. ಗ್ಲೂಟನ್ ಎಂಬುದು ಇದೇ. ಈ ಸಸಾರಜನಕ ಪದಾರ್ಥವು ಬಹುಜನರಿಗೆ ನಿರಪಾಯವಾದುದು. ಸೀಲಿಯಾಕ್ ವ್ಯಾಧಿಯುಳ್ಳವರಿಗಾದರೋ ವಿಷಪ್ರಾಯವಾದುದು.

ಈ ವ್ಯಾಧಿಯನ್ನು 1888ರಲ್ಲಿ ಲಂಡನ್ನಿನ ಸ್ಯಾಮ್ಯುಅಲ್ ಗೀ ಎಂಬ ವೈದ್ಯರು ವಿಶದವಾಗಿ ವರ್ಣಿಸಿ, ಇದು ಗುಣವಾಗುವುದಾದರೆ ಪಥ್ಯದಿಂದಲೇ ಆಗಬೇಕೆಂದು ಅಭಿಪ್ರಾಯಪಟ್ಟರು. ಆದರೆ ದೋಷವು ಯಾವ ಆಹಾರದಲ್ಲಿದೆಯೆಂಬುದು ಆಗ ತಿಳಿದಿರಲಿಲ್ಲ. ಹಾಲೆಂಡಿನ ಶಿಶುವೈದ್ಯರಾದ ವಿಲೆಂ ಡಿಕೆ ಅವರಿಗೆ ಗೋಧಿಯ ಮೇಲಣ ಸಂದೇಹವು ದ್ವಿತೀಯ ಮಹಾಯುದ್ಧಕ್ಕೆ ಮೊದಲೇ ಹುಟ್ಟಿದ್ದಿತು. 1944-45ರ ಚಳಿಗಾಲದ ಕ್ಷಾಮದಲ್ಲಿ ರೊಟ್ಟಿಯು ದುರ್ಲಭವಾಗಿದ್ದಾಗ, ನಾಡೆಲ್ಲ ಹಸಿದಿದ್ದರೂ ಈ ರೋಗದ ಮಕ್ಕಳು ಹದಗೆಡದೆ ಇದ್ದುದು ಆ ಸಂದೇಹವನ್ನು ಬಲಪಡಿಸಿತು. 1950ರಲ್ಲಿ ಅವರು ತಮ್ಮ ನಿರ್ಣಯವನ್ನು ಪ್ರೌಢಪ್ರಬಂಧವಾಗಿ ಉಟ್ರೆಕ್ಟ್ ವಿಶ್ವವಿದ್ಯಾನಿಲಯಕ್ಕೆ ಅರ್ಪಿಸಿದರು.

ಸಣ್ಣ ಕರುಳಿನ ಒಳಮೈಯಲ್ಲಿ ಅನ್ನರಸವನ್ನು ಹೀರತಕ್ಕ ಸೂಕ್ಷ್ಮವಾದ ಅಂಕುರಗಳುಂಟು. ವಂಶಪಾರಂಪರ್ಯವಾಗಿ ಈ ರೋಗಪ್ರವೃತ್ತಿಯುಳ್ಳ ಕೆಲವರಲ್ಲಿ, ಗ್ಲೂಟನ್ ಒಳಹೊಕ್ಕಾಗ ದೇಹದ ರಕ್ಷಣಶಕ್ತಿಯೇ ತನ್ನ ಕರುಳಿನ ಮೇಲೆ ತಿರುಗಿಬಿದ್ದು ಆ ಅಂಕುರಗಳನ್ನು ಸವೆಯಿಸುವುದು. ಆಗ ಉಂಡ ಅನ್ನವು ಮೈಗೆ ಹತ್ತದು. ಅತಿಸಾರ, ಹೊಟ್ಟೆಯುಬ್ಬರ, ಕೃಶತೆಗಳು ತೋರುವುವು. ಮಕ್ಕಳ ಬೆಳೆವಣಿಗೆ ಕುಂಠಿತವಾಗುವುದು. ವಯಸ್ಕರಲ್ಲಿ ಒಮ್ಮೊಮ್ಮೆ ರಕ್ತಹೀನತೆಯೊಂದೇ ಗುರುತಾಗಿರುವುದು.

ಇದಕ್ಕೆ ಈವರೆಗೆ ಸಿದ್ಧವಾಗಿರುವ ಚಿಕಿತ್ಸೆಯು ಆಜೀವ ಪಥ್ಯವೊಂದೇ. ಗೋಧಿ, ಬಾರ್ಲಿ, ರೈ ಈ ಮೂರೂ ವರ್ಜ್ಯ. ರವೆ, ಮೈದಾ, ಗೋಧಿಯ ಶಾವಿಗೆಗಳು ಗೋಧಿಯ ರೂಪಾಂತರಗಳೇ. ಜವೆಗೋಧಿಯು ಪ್ರಾಚೀನವೆಂಬ ಮಾತ್ರದಿಂದ ನಿರ್ದೋಷವಾಗದು. ಅಕ್ಕಿ, ರಾಗಿ, ಜೋಳ, ನವಣೆ, ಸಾಮೆ, ಬೇಳೆಕಾಳುಗಳು ಸ್ವಭಾವತಃ ಗ್ಲೂಟನ್‌ರಹಿತವಾದುದರಿಂದ, ಮುದ್ದೆ ಅಥವಾ ಜೋಳದ ರೊಟ್ಟಿಯನ್ನುಣ್ಣುವ ಕನ್ನಡಿಗರಿಗೆ ಈ ಪಥ್ಯವು ದುಸ್ಸಾಧ್ಯವಲ್ಲ. ಆದರೆ ಗೋಧಿ ಬೀಸಿದ ಗಿರಣಿಯಲ್ಲಿಯೇ ರಾಗಿಯನ್ನು ಬೀಸಿದರೆ ಬೆರಕೆಯಾಗುವುದು. ಅಂಗಡಿಯ ಇಂಗಿನಲ್ಲಿಯೂ ಗೋಧಿಯ ಹಿಟ್ಟನ್ನು ಸೇರಿಸಿರುವುದುಂಟು. ಒಂದು ಕಿಲೋಗ್ರಾಂ ಆಹಾರದಲ್ಲಿ ಗ್ಲೂಟನ್ 20 ಮಿಲಿಗ್ರಾಮಿಗೆ ಮೀರದಿದ್ದರೆ ಮಾತ್ರ ಅದನ್ನು ಗ್ಲೂಟನ್‌ರಹಿತವೆಂದು ಕರೆಯಬಹುದೆಂಬ ಅಂತರರಾಷ್ಟ್ರೀಯ ನಿಯಮವಿರುವುದರಿಂದ ಈ ಎಚ್ಚರದ ಅಗತ್ಯವು ವ್ಯಕ್ತವಾಗುತ್ತದೆ.

ಇನ್ನೊಂದು ಮಾತು. ಸಂದೇಹ ಬಂದೊಡನೆ ತಾವಾಗಿಯೇ ಗೋಧಿಯನ್ನು ಬಿಡಕೂಡದು. ಬಿಟ್ಟರೆ ಕರುಳು ಚೇತರಿಸಿಕೊಂಡು, ರಕ್ತಪರೀಕ್ಷೆಯಲ್ಲಿಯೂ ಕರುಳಿನ ತುಣುಕಿನ ಪರೀಕ್ಷೆಯಲ್ಲಿಯೂ ರೋಗವು ಮರೆಯಾಗಬಹುದು. ಪರೀಕ್ಷೆ ಮೊದಲು, ಪಥ್ಯ ಅನಂತರ.

ನಿರ್ಣಯವಾದ ಮೇಲಾದರೋ ಸಡಿಲಿಕೆ ಸಲ್ಲದು. ಸತ್ಯನಾರಾಯಣ ಪೂಜೆಯ ಸಪಾದಭಕ್ಷ್ಯವೂ ಗೋಧಿಯ ರವೆಯದೇ. "ಒಂದು ತುತ್ತಿನಿಂದ ಏನಾದೀತು?" ಎಂದು ಮಗುವನ್ನು ಒತ್ತಾಯಿಸುವ ಬಂಧುಗಳು, ಆ ತುತ್ತಿನಿಂದಲೂ ಆಗುವುದುಂಟೆಂಬುದನ್ನು ಅರಿತು, ಅದರ ಕೈಗೆ ಬಾಳೆಯ ಹಣ್ಣನ್ನು ಕೊಡುವುದು ಲೇಸು.