ಹೊಗೆಯಾಡಿಸಿದ ಉಷ್ಟ್ರಪಕ್ಷಿ ಮಾಂಸ: ಅದರ ಪುಷ್ಟಿ, ಅದರ ಪಾಕ

ಉಷ್ಟ್ರವೆಂದರೆ ಒಂಟೆ. ಉದ್ದನೆಯ ಕೊರಳು, ಉದ್ದನೆಯ ಕಾಲು, ಬಿಸಿಲನ್ನು ಲೆಕ್ಕಿಸದ ಮೈಕಟ್ಟು, ಇವನ್ನು ಕಂಡು ಪಾರಸಿ ಭಾಷೆಯವರು ಈ ಹಕ್ಕಿಯನ್ನು ಒಂಟೆಹಕ್ಕಿಯೆಂದೇ ಕರೆದರು. ಮುಂಬಯಿ, ದಿಲ್ಲಿ, ಹೈದರಾಬಾದುಗಳಲ್ಲಿರುವ ನಮ್ಮ ವಾಚಕರು ಕೇಳಿರಬಹುದಾದ ‘ಶುತುರ್‌ಮುರ್ಗ್’ ಎಂಬ ಮಾತು ಅದೇ. ಕನ್ನಡದ ಉಷ್ಟ್ರಪಕ್ಷಿಯೂ ಅದೇ. ಬೆಳೆದ ಹಕ್ಕಿ ನೂರು ಕಿಲೋಗೂ ಮಿಕ್ಕಿ ತೂಗುತ್ತದೆ. ಹಾರಲಾರದು, ಆದರೆ ಗಂಟೆಗೆ 70 ಕಿಲೋಮೀಟರಿನಷ್ಟು ವೇಗದಲ್ಲಿ ಓಡಬಲ್ಲದು. ಅದರ ಒಂದು ಮೊಟ್ಟೆ ಎರಡು ಡಜನ್ ಕೋಳಿಮೊಟ್ಟೆಗಳಿಗೆ ಸಮ.

ಇಂಥ ಹಕ್ಕಿಯ ಮಾಂಸದ ವಿಚಾರ ನಮ್ಮ ಪತ್ರಿಕೆಗೇಕೆ ಎಂದು ವಾಚಕರು ಕೇಳಬಹುದು. ನಮ್ಮ ವಾಚಕರಲ್ಲಿ ಅಡುಗೆಮನೆಯಲ್ಲಿಯೂ ಮೇಜುಗಳ ನಡುವೆಯೂ ದುಡಿಯುವವರ ಸಂಖ್ಯೆ ದೊಡ್ಡದು. ಇಡ್ಲಿ ಸಾಂಬಾರಿನಲ್ಲಿ ಕಸುಬು ಕಲಿತ ಹುಡುಗರು ಇಂದು ಕೊಲ್ಲಿಯ ಪಟ್ಟಣಗಳಿಗೂ ಪ್ರಯಾಣಿಕರ ಹಡಗುಗಳಿಗೂ ದೂರದ ದೇಶಗಳ ದೊಡ್ಡ ಹೋಟೆಲುಗಳಿಗೂ ಹೋಗುತ್ತಿದ್ದಾರೆ. ಅಲ್ಲಿ ‘ಸ್ಮೋಕ್ಡ್ ಆಸ್ಟ್ರಿಚ್’ ಎಂದು ಬರೆದ ಪೊಟ್ಟಣವೊಂದು ಕೈಗೆ ಬಂದಾಗ ಅದೇನು, ಅದನ್ನು ಹೇಗೆ ಬಡಿಸಬೇಕು, ಗಿರಾಕಿ ಪ್ರಶ್ನೆ ಕೇಳಿದರೆ ಏನು ಹೇಳಬೇಕು ಎಂಬುದು ತಿಳಿದಿರಬೇಕು. ಮಾಂಸ ಮುಟ್ಟದ ವಾಚಕರು ಇದನ್ನು ಕಸುಬಿನ ಮಾತೆಂದು ಓದಿಕೊಳ್ಳಬಹುದು.

ಇನ್ನೂ ಒಂದು ಕಾರಣವುಂಟು. ಬಹುಕಾಲ ಗಲ್ಲಾದ ಮೇಲೆ ಕುಳಿತ ನಮಗೆ ಬೋರ್ಡಿನ ಮೇಲಿನ ಮಾತಿಗೂ ಪಾತ್ರೆಯೊಳಗಿನ ಪದಾರ್ಥಕ್ಕೂ ಇರುವ ಅಂತರ ಚೆನ್ನಾಗಿ ಗೊತ್ತು. ಉಷ್ಟ್ರಪಕ್ಷಿಯ ಮಾಂಸವನ್ನು ‘ಕೊಬ್ಬಿಲ್ಲದ ಕೆಂಪು ಮಾಂಸ, ಹೃದಯಕ್ಕೆ ಹಿತ’ ಎಂದು ಮಾರುತ್ತಾರೆ. ಹಸಿಯ ಮಾಂಸದ ಮಟ್ಟಿಗೆ ಈ ಮಾತಿನಲ್ಲಿ ಬಹಳಷ್ಟು ನಿಜವಿದೆ. ಅದೇ ಹೊಗಳಿಕೆಯನ್ನು ಹೊಗೆ ಹಾಕಿದ ಮಾಂಸದ ಪೊಟ್ಟಣಕ್ಕೂ ಅಂಟಿಸಿದಾಗ ಮಾತು ಬೇರೆಯಾಗುತ್ತದೆ.

ಮೊದಲು ಈ ಮಾಂಸದ ತವರನ್ನು ನೋಡೋಣ. ದಕ್ಷಿಣ ಆಫ್ರಿಕದ ಪಶ್ಚಿಮ ಕೇಪ್ ಪ್ರಾಂತದಲ್ಲಿ ಕಿರಿಯ ಕರೂ ಎಂಬ ಒಣ ಸೀಮೆಯಿದೆ. ಅದರ ಮುಖ್ಯ ಪಟ್ಟಣ ಔಟ್ಸ್‌ಹೋರ್ನ್. 1860ರ ದಶಕದಿಂದ ಅಲ್ಲಿ ಈ ಹಕ್ಕಿಯನ್ನು ಸಾಕತೊಡಗಿದರು. ಆಗ ಬೇಕಾಗಿದ್ದುದು ಮಾಂಸವಲ್ಲ, ಗರಿ. ಯುರೋಪಿನ ಶ್ರೀಮಂತ ಸ್ತ್ರೀಯರ ಟೋಪಿಗಳ ಮೇಲೆ ಆ ಗರಿ ಮೆರೆಯುತ್ತಿತ್ತು. 1913ರಲ್ಲಿ ಚಿನ್ನ, ವಜ್ರ, ಉಣ್ಣೆಗಳ ತರುವಾಯ ಆ ದೇಶದ ನಾಲ್ಕನೆಯ ದೊಡ್ಡ ರಫ್ತು ಉಷ್ಟ್ರಪಕ್ಷಿಯ ಗರಿಯೇ ಆಗಿತ್ತು. ಗರಿಯ ಹಣದಿಂದ ಕಟ್ಟಿದ ಅರಮನೆಯಂಥ ಮನೆಗಳು ಔಟ್ಸ್‌ಹೋರ್ನ್‌ನಲ್ಲಿ ಈಗಲೂ ನಿಂತಿವೆ. 1914ರಲ್ಲಿ ಮಹಾಯುದ್ಧ ಬಂತು, ಟೋಪಿಯ ಮೋಜು ಹೋಯಿತು, ವ್ಯಾಪಾರ ನೆಲಕಚ್ಚಿತು. 1960ರ ದಶಕದಲ್ಲಿ ಅದೇ ಪಟ್ಟಣದಲ್ಲಿ ಈ ಹಕ್ಕಿಗೆಂದೇ ಕಸಾಯಿಖಾನೆ ಏರ್ಪಟ್ಟ ಮೇಲೆ ಮಾಂಸವೂ ತೊಗಲೂ ಲೆಕ್ಕಕ್ಕೆ ಬಂದುವು. 1990ರ ದಶಕದಲ್ಲಿ ಯುರೋಪಿನಲ್ಲಿ ದನದ ಮಾಂಸದ ಮೇಲೆ ರೋಗದ ಭೀತಿ ಕವಿದಾಗ ಈ ಮಾಂಸಕ್ಕೆ ಬೇಡಿಕೆ ಏರಿತು.

(ಉಷ್ಟ್ರಪಕ್ಷಿಯ ದೂರದ ಬಂಧುವಾದ ಈಮುವನ್ನು ಸಾಕಿದರೆ ಬಂಗಾರದ ಬೆಳೆಯೆಂಬ ಮಾತು ನಮ್ಮ ದೇಶದಲ್ಲಿಯೂ ಹಬ್ಬಿ, 2012ರ ಸುಮಾರಿಗೆ ತಮಿಳುನಾಡು ಮೊದಲಾದ ಕಡೆ ಎಷ್ಟೋ ಮಂದಿಯ ಉಳಿತಾಯ ಮುಳುಗಿಹೋಯಿತು. ಹಕ್ಕಿಯನ್ನು ಸಾಕಲು ಹಣ ಹಾಕಿದವರು ಸಾವಿರಾರು. ಅದರ ಮಾಂಸವನ್ನು ಕೊಂಡು ತಿನ್ನುವವರು ಯಾರೆಂದು ಕೇಳಿದವರು ಕಡಿಮೆ.)

ಹಾರದ ಹಕ್ಕಿಯಾದುದರಿಂದ ಇದಕ್ಕೆ ಕೋಳಿಗಿರುವಂತೆ ದಪ್ಪನಾದ ಎದೆಮಾಂಸವಿಲ್ಲ. ಮಾಂಸವೆಲ್ಲ ತೊಡೆಯಲ್ಲಿಯೂ ಸೊಂಟದಲ್ಲಿಯೂ ಕೂಡಿಕೊಂಡಿದೆ. ಓಡುವ ಸ್ನಾಯುವಿಗೆ ಉಸಿರು ಹೆಚ್ಚಾಗಿ ಬೇಕು; ಉಸಿರನ್ನು ಹಿಡಿದಿಡುವ ಕೆಂಪು ದ್ರವ್ಯವೂ ಅದರಲ್ಲಿ ಹೆಚ್ಚು. ಆದುದರಿಂದ ಹಕ್ಕಿಯದಾದರೂ ಈ ಮಾಂಸ ನೋಡಲು ದನದ ಮಾಂಸದಂತೆ ಕಡುಗೆಂಪು. ಬಡಿಸುವವರು ಇದನ್ನು ನೆನಪಿಡಬೇಕು. ದನದ ಮಾಂಸ ತಿನ್ನದ ಗಿರಾಕಿ ತಟ್ಟೆಯನ್ನು ನೋಡಿ ಬೆಚ್ಚಿದರೆ ತಡವರಿಸದೆ ವಿವರಿಸಬೇಕಾದವನು ವೇಟರನೇ.

ಪುಷ್ಟಿಯ ಲೆಕ್ಕ ಹೀಗಿದೆ. 100 ಗ್ರಾಂ ಹಸಿಯ ಮಾಂಸದಲ್ಲಿ ಸಸಾರಜನಕ, ಎಂದರೆ ಪ್ರೋಟೀನು, 21ರಿಂದ 22 ಗ್ರಾಂ. ಕೊಬ್ಬು 2ರಿಂದ 3 ಗ್ರಾಂ. ಶಾಖ ಸುಮಾರು 120 ಕ್ಯಾಲೊರಿ. ಕಬ್ಬಿಣ ಸುಮಾರು 3 ಮಿಲಿಗ್ರಾಂ. ಕೋಳಿಯ ಎದೆಮಾಂಸದಲ್ಲಿ ಇದು 1 ಮಿಲಿಗ್ರಾಂ ಕೂಡ ಇಲ್ಲ. ಮಾಂಸದ ಕಬ್ಬಿಣವು ಕಾಳು ಸೊಪ್ಪುಗಳ ಕಬ್ಬಿಣಕ್ಕಿಂತ ಸುಲಭವಾಗಿ ರಕ್ತಕ್ಕೆ ಸೇರುತ್ತದೆ. ಬಿ-12 ಜೀವಸತ್ವವೂ ಧಾರಾಳ. ಆದರೆ ‘ಕೊಲೆಸ್ಟರಾಲು ಇಲ್ಲವೇ ಇಲ್ಲ’ ಎಂಬ ಮಾತು ಮಾತ್ರ ಬರಿಯ ವ್ಯಾಪಾರಿಯ ಬಾಯಿಯದು. ಅದು ಇತರ ಮಾಂಸಗಳಲ್ಲಿರುವಷ್ಟೇ ಇದರಲ್ಲಿಯೂ ಇದೆ. ಹಾಗೆಂದು ಈ ಹಕ್ಕಿ ಸಿಗದ ನಮ್ಮ ವಾಚಕರು ಕೊರಗಬೇಕಾದುದಿಲ್ಲ. ಹುರುಳಿಯ ಸಾರು ಕಬ್ಬಿಣದ ವಿಷಯದಲ್ಲಿ ಬಡದಲ್ಲ. ಅದಕ್ಕೆ ನಿಂಬೆಹಣ್ಣು ಹಿಂಡಿಕೊಂಡು, ಊಟದ ಬೆನ್ನಿಗೇ ಚಹಾ ಕುಡಿಯುವ ನಮ್ಮ ಹೋಟೆಲಿನವರ ಅಭ್ಯಾಸವನ್ನು ಒಂದು ಗಂಟೆ ಮುಂದಕ್ಕೆ ಹಾಕಿದರೆ ಆ ಕಬ್ಬಿಣ ಇನ್ನಷ್ಟು ಮೈಗೆ ಹತ್ತುತ್ತದೆ.

ಇನ್ನು ಹೊಗೆ. ಯಾವ ಪ್ರಾಣಿಯನ್ನು ಕಡಿದರೂ ಆ ಮಾಂಸ ಕೆಲವು ಗಂಟೆಗಳಲ್ಲಿ ತುಸು ಹುಳಿಯಾಗುತ್ತದೆ. ಆ ಹುಳಿಯೇ ಅದನ್ನು ಸ್ವಲ್ಪಕಾಲ ಕಾಪಾಡುತ್ತದೆ. ಉಷ್ಟ್ರಪಕ್ಷಿಯ ಮಾಂಸದಲ್ಲಿ ಆ ಹುಳಿ ಸಾಕಷ್ಟು ಏರುವುದಿಲ್ಲ. ಇದರ ಫಲವಾಗಿ ಮಾಂಸ ನೀರನ್ನು ಚೆನ್ನಾಗಿ ಹಿಡಿದುಕೊಳ್ಳುತ್ತದೆ, ಬಣ್ಣ ಕಪ್ಪೇರುತ್ತದೆ, ಬೇಗ ಕೆಡುತ್ತದೆ. ನೀರು ಹಿಡಿಯುವ ಗುಣವಿರುವುದರಿಂದ ಉಪ್ಪು, ಹೊಗೆ, ಸಾಸೇಜುಗಳ ಕೆಲಸಕ್ಕೆ ಇದು ಒಗ್ಗುತ್ತದೆ. ಬೇಗ ಕೆಡುವುದರಿಂದ ಅವು ಇದಕ್ಕೆ ಬೇಕೇ ಬೇಕು. ಉಪ್ಪುನೀರಿನಲ್ಲಿ ನೈಟ್ರೈಟು ಎಂಬ ಲವಣವನ್ನೂ ಅಳತೆಯಲ್ಲಿ ಬೆರೆಸುತ್ತಾರೆ. ಗಾಳಿಯಿಲ್ಲದ ಕಡೆ ಬೆಳೆಯುವ ಒಂದು ಭಯಂಕರ ವಿಷಾಣುವನ್ನು ಅದು ತಡೆಯುತ್ತದೆ. ತರುವಾಯ ಗಟ್ಟಿಮರದ ಹೊಗೆ. ಹೊಗೆಯಲ್ಲಿರುವ ಆಮ್ಲ ಮುಂತಾದ ದ್ರವ್ಯಗಳು ಮಾಂಸದ ಮೈಗೆ ಹತ್ತಿ ಅದನ್ನು ಕಾಯುತ್ತವೆ. ಕೊಡಗಿನ ಮನೆಗಳಲ್ಲಿ ಒಲೆಯ ಮೇಲೆ ತೂಗುಹಾಕಿದ ಹಂದಿಮಾಂಸವನ್ನು ಬಲ್ಲವರಿಗೆ ಇದು ಹೊಸ ವಿದ್ಯೆಯಲ್ಲ.

ಹೊಗೆಯಲ್ಲಿ ಎರಡು ಬಗೆ. 30 ಡಿಗ್ರಿಯೊಳಗಿನ ತಣ್ಣನೆಯ ಹೊಗೆ ಮಾಂಸವನ್ನು ಬೇಯಿಸುವುದಿಲ್ಲ. ಕಾಗದದಷ್ಟು ತೆಳ್ಳಗೆ ಕೊಯ್ದು ಸೊಪ್ಪಿನ ಮೇಲೆ ಹರಡಿಕೊಡುವ ಹಾಳೆಗಳು ಸಾಮಾನ್ಯವಾಗಿ ಇಂಥವು. ಲೆಕ್ಕಕ್ಕೆ ಅವು ಹಸಿಯ ಮಾಂಸವೇ. ಗರ್ಭಿಣಿಯರಿಗೂ ಅಶಕ್ತರಿಗೂ ಅದನ್ನು ಬಡಿಸಬಾರದು. ಬಿಸಿ ಹೊಗೆಯಲ್ಲಿ ಮಾಂಸದ ನಡುವಿನ ಶಾಖ 70 ಡಿಗ್ರಿಯ ಸುಮಾರಿಗೆ ಏರಿರುತ್ತದೆ. ಅದು ಬೆಂದ ಮಾಂಸ. ಪೊಟ್ಟಣದ ಮೇಲೆ ಇದು ಯಾವ ಬಗೆಯೆಂದು ಓದಿಕೊಳ್ಳದೆ ಚೂರಿಯನ್ನು ಎತ್ತಬಾರದು. ಪಕ್ಕದಲ್ಲೇ ‘ಬಿಲ್ಟಾಂಗ್’ ಎಂಬ ಇನ್ನೊಂದು ಪೊಟ್ಟಣವಿರುತ್ತದೆ. ಅದಕ್ಕೆ ಹೊಗೆಯ ಸಂಬಂಧವಿಲ್ಲ; ವಿನೆಗರು, ಉಪ್ಪು, ಕಾಳುಮೆಣಸು, ಹುರಿದ ಕೊತ್ತಂಬರಿ ಬೀಜಗಳನ್ನು ಹಚ್ಚಿ ಗಾಳಿಗೆ ಒಣಗಿಸಿದ ಮಾಂಸ ಅದು. ಅದರಲ್ಲಿ ಪ್ರೋಟೀನು ಎರಡು ಪಟ್ಟಿಗೂ ಮೀರಿದೆಯೆಂದು ಹೊಗಳುವುದುಂಟು. ನೀರು ಆರಿದರೆ ಉಳಿದುದೆಲ್ಲ ಗಟ್ಟಿಯಾಗುವುದು ಸಹಜ. ಉಪ್ಪೂ ಅದೇ ಲೆಕ್ಕದಲ್ಲಿ ಗಟ್ಟಿಯಾಗಿರುತ್ತದೆ.

ನಮ್ಮ ಆಕ್ಷೇಪವಿರುವುದು ಇಲ್ಲಿಯೇ. ಹೊಗೆಯಾಡಿಸಿದ ಮಾಂಸದಲ್ಲಿ ನೂರಕ್ಕೆ ಎರಡರಿಂದ ನಾಲ್ಕು ಪಾಲು ಉಪ್ಪಿರುವುದು ಸಾಮಾನ್ಯ. ವಿಶ್ವ ಆರೋಗ್ಯ ಸಂಸ್ಥೆಯು ದೊಡ್ಡವರಿಗೆ ದಿನವೊಂದಕ್ಕೆ ಹೇಳಿರುವ ಮಿತಿ 5 ಗ್ರಾಂ ಉಪ್ಪಿಗಿಂತ ಕಡಿಮೆ. ಕೊಬ್ಬಿಗೆ ಅಂಜಿ ಈ ಮಾಂಸವನ್ನು ಆರಿಸಿಕೊಂಡ ರಕ್ತದೊತ್ತಡದ ಮನುಷ್ಯ ಒಂದೇ ತಟ್ಟೆಯಲ್ಲಿ ದಿನದ ಉಪ್ಪಿನ ಬಹುಭಾಗವನ್ನು ಮುಗಿಸಿರುತ್ತಾನೆ. ಇದಲ್ಲದೆ ಅದೇ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2015ರಲ್ಲಿ ಉಪ್ಪು, ಹೊಗೆ, ಲವಣಗಳಿಂದ ಸಂಸ್ಕರಿಸಿದ ಮಾಂಸವೆಲ್ಲವನ್ನೂ ಮನುಷ್ಯನಿಗೆ ಕ್ಯಾನ್ಸರ್ ತರುವ ಪದಾರ್ಥಗಳ ಗುಂಪಿಗೆ ಸೇರಿಸಿತು. ದಿನಾಲೂ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರಿನ ಸಂಭವ ಸುಮಾರು 18 ಪ್ರತಿಶತ ಹೆಚ್ಚುತ್ತದೆಂಬುದು ಅದರ ಅಂದಾಜು. ತಿಂದ ನೂರು ಮಂದಿಯಲ್ಲಿ 18 ಜನರಿಗೆ ರೋಗ ಬರುತ್ತದೆಂದು ಇದರ ಅರ್ಥವಲ್ಲ. ಇದ್ದ ಸಂಭವದ ಮೇಲೆ ಅಷ್ಟು ಪಾಲು ಏರುತ್ತದೆಂದು. ಹಕ್ಕಿಯ ಮಾಂಸ ಎಷ್ಟೇ ತೆಳುವಾಗಿರಲಿ, ಹೊಗೆ ತಾಗಿದ ಮೇಲೆ ಈ ಗುಂಪಿನಿಂದ ಅದಕ್ಕೆ ವಿನಾಯಿತಿಯಿಲ್ಲ. ಕೊಬ್ಬು ಕಡಿಮೆಯಿರುವುದರಿಂದ ಕೆಂಡದ ಮೇಲೆ ತೊಟ್ಟಿಕ್ಕಿ ಸೀದು ಏಳುವ ಕೆಟ್ಟ ಹೊಗೆ ಕಡಿಮೆಯೆಂಬ ಒಂದು ಅನುಕೂಲ ಮಾತ್ರ ಅದಕ್ಕುಂಟು.

ಆದುದರಿಂದ ಈ ಮಾಂಸವನ್ನು ಊಟವೆಂದು ಬಡಿಸುವುದಕ್ಕಿಂತ ಒಣಮೀನಿನಂತೆ ನಂಜಿಕೊಳ್ಳಲು ಬಡಿಸುವುದೇ ಸರಿಯೆಂದು ನಮ್ಮ ಅಭಿಪ್ರಾಯ. ಕುಚ್ಚಲಕ್ಕಿ ಗಂಜಿಯ ಪಕ್ಕದಲ್ಲಿ ಒಣಮೀನಿನ ಚಟ್ನಿ ಎಷ್ಟಿರುತ್ತದೆ? ಬೆರಳ ತುದಿಯಷ್ಟು. ನಮ್ಮ ಕರಾವಳಿಯವರಿಗೆ ಈ ಅಳತೆಯನ್ನು ಯಾರೂ ಕಲಿಸಬೇಕಾಗಿಲ್ಲ.

ಪಾಕದಲ್ಲಿ ಮುಖ್ಯವಾದುದು ಕೈ ತಡೆಯುವುದು. ಕುರಿಯ ಮಾಂಸದಲ್ಲಿರುವಂತೆ ಒಳಗೆ ಕರಗುವ ಕೊಬ್ಬು ಇದರಲ್ಲಿಲ್ಲ. ಹೆಚ್ಚು ಬೆಂದರೆ ಬತ್ತಿ ಚರ್ಮವಾಗುತ್ತದೆ. ಹಸಿಯ ತುಂಡನ್ನು ಚೆನ್ನಾಗಿ ಕಾದ ಕಾವಲಿಯ ಮೇಲೆ ಪ್ರತಿ ಮಗ್ಗುಲೂ ಮೂರು ನಾಲ್ಕು ನಿಮಿಷ ಇಟ್ಟು, ಇಳಿಸಿ ಐದು ನಿಮಿಷ ತಣಿಯಬಿಟ್ಟು, ಎಳೆಗೆ ಅಡ್ಡವಾಗಿ ಕೊಯ್ಯುವುದು ಆ ದೇಶದವರ ಕ್ರಮ. ನಡುವೆ ನಸುಗೆಂಪು ಉಳಿದಿರುತ್ತದೆ. ಆದರೆ 2011ರಲ್ಲಿ ಅಲ್ಲಿ ಹಕ್ಕಿಜ್ವರ ಹಬ್ಬಿ, ಯುರೋಪು ಹಸಿಯ ಮಾಂಸವನ್ನು ನಿಲ್ಲಿಸಿ, 70 ಡಿಗ್ರಿಗೆ ಕಾಯಿಸಿದುದನ್ನು ಮಾತ್ರ ಒಳಗೆ ಬಿಟ್ಟಿತು. ಆಗ ವ್ಯಾಪಾರಿಗಳು ಮಾಂಸವನ್ನು ಗಾಳಿ ತೆಗೆದ ಚೀಲದಲ್ಲಿ ಕಟ್ಟಿ ಬಿಸಿನೀರಿನಲ್ಲಿ ನಿಧಾನವಾಗಿ ಕಾಯಿಸುವ ಉಪಾಯಕ್ಕೆ ತೊಡಗಿದರು. ಶಾಖ ಏರಿದರೂ ರಸ ಚೀಲದೊಳಗೇ ಉಳಿಯಿತು.

ಬಿಸಿ ಹೊಗೆ ಹಾಕಿದ ಮಾಂಸ ಕೈಗೆ ಬಂದರೆ ಅದನ್ನು ಮತ್ತೆ ಬೇಯಿಸಬೇಡಿರಿ. ಕೊತ್ತಂಬರಿ, ಒಣಮೆಣಸು, ಜೀರಿಗೆ, ಬೆಳ್ಳುಳ್ಳಿ ಹುರಿದು ತೆಂಗಿನತುರಿಯೊಡನೆ ಕೋಳಿ ಸುಕ್ಕಕ್ಕೆ ಮಾಡುವಂತೆ ಮಸಾಲೆಯನ್ನು ಉಪ್ಪು ಹಾಕದೆ ಸಿದ್ಧಮಾಡಿ, ಒಲೆಯಿಂದ ಇಳಿಸುವ ಒಂದು ನಿಮಿಷ ಮೊದಲು ತೆಳ್ಳಗೆ ಕೊಯ್ದ ಎಳೆಗಳನ್ನು ಬೆರೆಸಿದರೆ ಸಾಕು. ರುಚಿ ನೋಡಿದ ಮೇಲೆಯೇ ಉಪ್ಪಿನ ಡಬ್ಬಿಗೆ ಕೈಹಾಕಬೇಕು. ಹೆಚ್ಚಿನ ಸಲ ಬೇಕಾಗುವುದಿಲ್ಲ. ಪುನರ್ಪುಳಿಯ ಅಥವಾ ನಿಂಬೆಯ ಹುಳಿ ಹೊಗೆಯ ಘಾಟನ್ನು ತಗ್ಗಿಸುತ್ತದೆ. ರೋಮನರ ಕಾಲದ ಅಪೀಸಿಯಸ್ ಪಾಕಗ್ರಂಥದಲ್ಲಿಯೂ ಬೇಯಿಸಿದ ಉಷ್ಟ್ರಪಕ್ಷಿಗೆ ಮೆಣಸು, ಜೀರಿಗೆ, ಪುದೀನ, ಖರ್ಜೂರ, ಜೇನು, ವಿನೆಗರುಗಳ ಸಾರು ಹೇಳಿದೆ. ಆ ಮೆಣಸು ಭಾರತದ ಪಶ್ಚಿಮ ಕರಾವಳಿಯಿಂದ ಹಡಗೇರಿ ಹೋದುದು.

ಸಾಸೇಜು, ಸಲಾಮಿಗಳ ಮಾತು ಬೇರೆ. ತೆಳುಮಾಂಸ ಒಂದರಿಂದಲೇ ಅವು ಮೃದುವಾಗುವುದಿಲ್ಲವೆಂದು ಹಂದಿಯ ಅಥವಾ ದನದ ಕೊಬ್ಬನ್ನು ಬೆರೆಸುವ ರೂಢಿಯಿದೆ. ಹೆಸರು ಮಾತ್ರ ಉಷ್ಟ್ರಪಕ್ಷಿಯದು. ಮುಸಲ್ಮಾನ ಗಿರಾಕಿಯೋ ಹಿಂದೂ ಗಿರಾಕಿಯೋ ‘ಇದು ಹಕ್ಕಿಯದಷ್ಟೇ ತಾನೆ?’ ಎಂದು ಕೇಳಿದಾಗ ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದದೆ ಹೌದೆನ್ನಬೇಡಿರಿ. ಮ್ಯಾನೇಜರು ಅವಸರಪಡಿಸಿದರೂ ಓದಿ ಹೇಳಿರಿ.

ಹೊಗೆ ಹಾಕುವುದನ್ನು ನಾವೇ ಪ್ರಯತ್ನಿಸೋಣವೆಂದು ಹೊರಡುವ ಉತ್ಸಾಹಿಗಳಿಗೆ ಒಂದು ಮಾತು. ಬಟ್ಟಲಿನಲ್ಲಿ ಕೆಂಡವಿಟ್ಟು ತುಪ್ಪ ಬಿಟ್ಟು ಮುಚ್ಚುವ ಉತ್ತರದೇಶದ ಪದ್ಧತಿಯಿಂದ ವಾಸನೆ ಬರುತ್ತದೆ, ಮಾಂಸ ಬಾಳುವುದಿಲ್ಲ, ಅಂದೇ ತಿನ್ನಬೇಕು. ಬಣ್ಣ ಬಳಿದ ಹಲಗೆ, ಪೆಟ್ಟಿಗೆಯ ಚಕ್ಕೆ, ರಾಳ ಸುರಿಯುವ ಮರ ಇವುಗಳ ಹೊಗೆ ಕೂಡದು. ಎಲ್ಲಕ್ಕಿಂತ ಮುಖ್ಯವಾಗಿ, ಹೋಟೆಲಿನಲ್ಲೇ ಮಲಗುವ ಹುಡುಗರು ಕೆಂಡದ ಸಿಗಡಿಯನ್ನು ಆರಿಸದೆ ಬಾಗಿಲು ಮುಚ್ಚಿ ಮಲಗಬಾರದು. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಏಳುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ರೆಯಲ್ಲಿಯೇ ಪ್ರಾಣ ತೆಗೆಯುತ್ತದೆ.

ಕೊಂಡ ಪೊಟ್ಟಣವನ್ನು ಒಡೆದ ಮೇಲೆ 4 ಡಿಗ್ರಿಯೊಳಗಿನ ಶೀತಕಪಾಟಿನಲ್ಲಿ ಬೇರೆ ಹಸಿಮಾಂಸಕ್ಕೆ ತಾಗದಂತೆ ಮುಚ್ಚಿಟ್ಟು, ಎರಡು ಮೂರು ದಿನಗಳಲ್ಲಿ ಮುಗಿಸಬೇಕು. ಒಡೆದ ತಾರೀಖನ್ನು ಡಬ್ಬಿಯ ಮೇಲೆ ಬರೆದಿಡಿರಿ. ಮೈ ಲೋಳೆಯಾದ ತುಂಡನ್ನು ತೊಳೆದು ಮಸಾಲೆಗೆ ಸೇರಿಸುವ ಯೋಚನೆ ಬೇಡ, ಬುಟ್ಟಿಗೆ ಹಾಕಿಬಿಡಿರಿ.